ಗಾಂಜಾ ಸಡಿಲ, ಬಂದೂಕು ಬಿಗಿ: ಮಿನ್ನೆಸೋಟದ ಎರಡು ಕಾನೂನುಗಳು

2023ರ ಮೇ ತಿಂಗಳಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಗವರ್ನರ್ ಟಿಮ್ ವಾಲ್ಜ್ ಹನ್ನೊಂದು ದಿನಗಳ ಅಂತರದಲ್ಲಿ ಎರಡು ದೊಡ್ಡ ಮಸೂದೆಗಳಿಗೆ ಸಹಿ ಹಾಕಿದರು. 19ರಂದು ಸಹಿ ಬಿದ್ದದ್ದು ಬಂದೂಕಿನ ಕೈಬದಲಾವಣೆಯನ್ನು ಬಿಗಿ ಮಾಡುವ ಕಾನೂನಿಗೆ. 30ರಂದು ಸಹಿ ಬಿದ್ದದ್ದು ಗಾಂಜಾವನ್ನು ಅಪರಾಧಗಳ ಪಟ್ಟಿಯಿಂದ ಹೊರಗಿಡುವ ಕಾನೂನಿಗೆ. ಎರಡರಲ್ಲೂ ಜನರ ದಿನನಿತ್ಯಕ್ಕೆ ತಾಗುವ ಮುಖ್ಯ ಅಂಶಗಳು ಅದೇ ವರ್ಷ ಆಗಸ್ಟ್ 1ರಂದು ಜಾರಿಗೆ ಬಂದವು. ಜುಲೈ 31ರ ರಾತ್ರಿ ಅಪರಾಧವಾಗಿದ್ದದ್ದು ಬೆಳಗಾಗುವಷ್ಟರಲ್ಲಿ ಅಪರಾಧವಲ್ಲ. ಅದೇ ರಾತ್ರಿ ಯಾರೂ ಪ್ರಶ್ನಿಸದೆ ನಡೆಯುತ್ತಿದ್ದ ವ್ಯವಹಾರಕ್ಕೆ ಬೆಳಗ್ಗೆಯಿಂದ ಪೊಲೀಸರ ಅನುಮತಿ ಬೇಕು.

ಇವೆರಡನ್ನೂ ದಾಟಿಸಿದ್ದು ಒಂದೇ ಶಾಸನಸಭೆ, ಒಂದೇ ಅಧಿವೇಶನ. ಸೆನೆಟ್‌ನಲ್ಲಿ ಆಳುವ ಪಕ್ಷಕ್ಕಿದ್ದದ್ದು ಒಂದೇ ಸ್ಥಾನದ ಬಹುಮತ, 34ಕ್ಕೆ 33. ಕೆಳಮನೆಯ ಸ್ಪೀಕರ್ ಆಗಿದ್ದ ಮೆಲಿಸಾ ಹಾರ್ಟ್‌ಮನ್ ಅಲ್ಲಿ ತಮ್ಮ ಪಕ್ಷದ ಬೆಂಬಲವನ್ನು ಚೆದುರದಂತೆ ಹಿಡಿದು ನಡೆಸಿದರು. ಗಾಂಜಾ ಒಂದು ವಿಷಯ, ಬಂದೂಕು ಇನ್ನೊಂದು ವಿಷಯ ಎಂದು ಪತ್ರಿಕೆಗಳು ಬೇರೆ ಬೇರೆ ಪುಟಗಳಲ್ಲಿ ಬರೆದವು. ಆದರೆ ಇವೆರಡೂ ಬಂದು ಬೀಳುವುದು ಒಬ್ಬನೇ ಮನುಷ್ಯನ ಮೇಲೆ, ಒಂದೇ ಕಾರಿನೊಳಗೆ, ಒಂದೇ ಮನೆಯ ಕಪಾಟಿನ ಮುಂದೆ. ರಾಜ್ಯ ತನ್ನ ಕಾನೂನನ್ನು ತಿದ್ದಿದ ಮೇಲೂ ಹಳೆಯ ಶಿಕ್ಷೆ ಬೇರೆಲ್ಲೋ ಬರೆದಿಟ್ಟುಕೊಂಡು ಕಾಯುತ್ತಿರುತ್ತದೆ ಎಂಬುದನ್ನು ಇವೆರಡನ್ನೂ ಜೊತೆಗಿಟ್ಟು ಓದಿದಾಗಲೇ ತಿಳಿಯುವುದು.

ನಮ್ಮ ಓದುಗರಿಗೆ ಮೊದಲು ಅಚ್ಚರಿಯಾಗುವುದು ಒಂದು ರಾಜ್ಯಕ್ಕೆ ಇಷ್ಟು ಅಧಿಕಾರ ಎಲ್ಲಿಂದ ಬಂತು ಎಂಬುದು. ಭಾರತದಲ್ಲಿ ಗಾಂಜಾಕ್ಕೆ 1985ರ ಎನ್‌ಡಿಪಿಎಸ್ ಕಾಯ್ದೆ, ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಎರಡೂ ಸಂಸತ್ತಿನವು. ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೂಡ ಕೇಂದ್ರ ಸರ್ಕಾರ ಕೊಟ್ಟದ್ದು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದದ್ದು ಕೇಂದ್ರದ ಆ ಅಧಿಸೂಚನೆಯನ್ನೇ. ಅಮೆರಿಕದಲ್ಲಿ ದಂಡಸಂಹಿತೆ ಮೂಲತಃ ರಾಜ್ಯದ ಸೊತ್ತು. ಐವತ್ತು ರಾಜ್ಯಗಳಿಗೆ ಐವತ್ತು ದಂಡಸಂಹಿತೆಗಳು. ಅವುಗಳ ಜೊತೆಗೇ ಫೆಡರಲ್ ಸರ್ಕಾರ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ, ತನ್ನದೇ ಅಪರಾಧ ಕಾನೂನು, ತನ್ನದೇ ಪೊಲೀಸ್, ತನ್ನದೇ ಜೈಲುಗಳನ್ನು ಇಟ್ಟುಕೊಂಡಿದೆ. ಒಂದೇ ಕೃತ್ಯ ಒಂದರ ಕಣ್ಣಲ್ಲಿ ಹಕ್ಕು, ಇನ್ನೊಂದರ ಕಣ್ಣಲ್ಲಿ ಅಪರಾಧ ಆಗಬಹುದು. ಗಾಂಜಾದ ವಿಷಯದಲ್ಲಿ ಆಗಿರುವುದು ಇದೇ.

ಮಿನ್ನೆಸೋಟ ಈ ದಾರಿಗೆ ಏಕಾಏಕಿ ಬಂದದ್ದಲ್ಲ. 1976ರಲ್ಲೇ ಅದು ಸಣ್ಣ ಪ್ರಮಾಣದ ಗಾಂಜಾಕ್ಕೆ ಜೈಲು ತೆಗೆದು ದಂಡ ಮಾತ್ರ ಉಳಿಸಿಕೊಂಡಿತ್ತು. 2014ರಲ್ಲಿ ಔಷಧವಾಗಿ ಬಳಸಲು ಒಪ್ಪಿತು. 2023ರ ಕಾನೂನು 21 ವರ್ಷ ತುಂಬಿದವರಿಗೆ ಹೊರಗೆ ಓಡಾಡುವಾಗ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ, ಮನೆಯಲ್ಲಿ ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ ಗಾಂಜಾ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಮನೆಯಲ್ಲಿ ಎಂಟು ಗಿಡ ಬೆಳೆಸಬಹುದು, ನಾಲ್ಕಕ್ಕಿಂತ ಹೆಚ್ಚು ಗಿಡ ಹೂ ಬಿಟ್ಟಿರಬಾರದು. ಅಂಗಡಿಗಳು ತೆರೆಯಲು ಮಾತ್ರ ತಡವಾಯಿತು. ಮೊದಲು ಮಾರಾಟ ಶುರುಮಾಡಿದವರು ರೆಡ್ ಲೇಕ್ ಮತ್ತು ವೈಟ್ ಅರ್ಥ್ ಎಂಬ ಮೂಲನಿವಾಸಿ ರಾಷ್ಟ್ರಗಳವರು, ತಮ್ಮದೇ ನೆಲದಲ್ಲಿ, ತಮ್ಮದೇ ಸ್ವಾಯತ್ತ ಅಧಿಕಾರದಿಂದ. ರಾಜ್ಯದ ಪರವಾನಗಿ ಪಡೆದ ಅಂಗಡಿಗಳಲ್ಲಿ ವ್ಯಾಪಾರ ಆರಂಭವಾದದ್ದು 2025ರ ಸೆಪ್ಟೆಂಬರ್‌ನಲ್ಲಿ.

ಬಂದೂಕಿನ ಕಾನೂನಿನ ತಿರುಳು ಎರಡು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳುವವನ ಪೂರ್ವಾಪರ ತಪಾಸಣೆ ಮೊದಲಿನಿಂದಲೂ ಇತ್ತು. ಪಾರ್ಕಿಂಗ್ ಜಾಗದಲ್ಲಿ ನಿಂತು ಒಬ್ಬ ಇನ್ನೊಬ್ಬನಿಗೆ ಮಾರಿದರೆ ಅದು ಇರಲಿಲ್ಲ. ಆ ಬಿರುಕನ್ನು ಮುಚ್ಚಿದರು. ಪಿಸ್ತೂಲು ಮತ್ತು ಸೇನಾ ಮಾದರಿಯ ಅರೆ-ಸ್ವಯಂಚಾಲಿತ ಬಂದೂಕುಗಳ ಖಾಸಗಿ ಮಾರಾಟಕ್ಕೂ ತಪಾಸಣೆ ಕಡ್ಡಾಯವಾಯಿತು. ಎರಡನೆಯದು 2024ರ ಜನವರಿ 1ರಿಂದ ಬಂದ 'ರೆಡ್ ಫ್ಲ್ಯಾಗ್' ವ್ಯವಸ್ಥೆ. ಮನೆಯವರೊಬ್ಬರು ತಮ್ಮನ್ನೋ ಇತರರನ್ನೋ ಕೊಲ್ಲುವ ಅಪಾಯವಿದೆ ಎಂದು ಕಂಡರೆ ಕುಟುಂಬದವರು ಅಥವಾ ಪೊಲೀಸರು ನ್ಯಾಯಾಧೀಶರ ಬಳಿ ಹೋಗಬಹುದು. ತುರ್ತು ಎನಿಸಿದರೆ 14 ದಿನಗಳ ಮಟ್ಟಿಗೆ, ವಿಚಾರಣೆಯ ನಂತರ ಆರು ತಿಂಗಳಿಂದ ಒಂದು ವರ್ಷದವರೆಗೆ, ಆ ವ್ಯಕ್ತಿಯ ಕೈಯಿಂದ ಬಂದೂಕು ದೂರ ಇಡಬಹುದು. ಇಂಥ ಕಾನೂನನ್ನು ಮೊದಲು ತಂದದ್ದು 1999ರಲ್ಲಿ ಕನೆಕ್ಟಿಕಟ್. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಗುಂಡಿಗೆ ಬಲಿಯಾದ ಮೇಲೆ ಬಂದೂಕು ಪ್ರೀತಿಯ ಫ್ಲೋರಿಡಾ ಕೂಡ ತಂದಿತು.

ಎದುರಾಳಿಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎದುರಿನವನ ಮಾತು ಕೇಳುವ ಮೊದಲೇ ತುರ್ತು ಆದೇಶ ಕೊಡುವುದು ನ್ಯಾಯವೇ ಎಂಬ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರ ಅಂಕಿಗಳಲ್ಲಿದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, 26 ಸಾವಿರಕ್ಕೂ ಮೀರಿ, ತಮ್ಮನ್ನು ತಾವೇ ಕೊಂದುಕೊಂಡವರು. ಮಿನ್ನೆಸೋಟದಲ್ಲಿ ಆತ್ಮಹತ್ಯೆಯ ಪಾಲು ಇನ್ನೂ ದೊಡ್ಡದು. ಮನಸ್ಸು ಕುಸಿದ ಆ ದಿನಗಳಲ್ಲಿ ಪಿಸ್ತೂಲು ಹಾಸಿಗೆಯ ಪಕ್ಕದಲ್ಲಿ ಇಲ್ಲದಿದ್ದರೆ ಎಷ್ಟೋ ಜನ ಬದುಕಿ ಉಳಿಯುತ್ತಾರೆ. ಹದಿನಾಲ್ಕು ದಿನ ಕಳೆದ ಮೇಲೆ ಬಂದೂಕನ್ನು ಹಿಂತಿರುಗಿಸಬಹುದು.

ಇನ್ನು ಇವೆರಡೂ ಒಂದೇ ಕಾರಿನಲ್ಲಿ ಕೂಡಿದ ಘಟನೆಗೆ ಬರುತ್ತೇನೆ. 2016ರ ಜುಲೈ 6ರ ಸಂಜೆ, ಮಿನ್ನೆಸೋಟದ ರಾಜಧಾನಿ ಸೇಂಟ್ ಪಾಲ್‌ನ ಪಕ್ಕದ ಫಾಲ್ಕನ್ ಹೈಟ್ಸ್ ಎಂಬಲ್ಲಿ ಪೊಲೀಸರು ಫಿಲಾಂಡೊ ಕಾಸ್ಟೀಲ್ ಎಂಬ 32 ವರ್ಷದ ಕಪ್ಪು ಯುವಕನ ಕಾರು ನಿಲ್ಲಿಸಿದರು. ಶಾಲೆಯೊಂದರ ಅಡುಗೆ ವಿಭಾಗದಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದ ಮನುಷ್ಯ. ಆ ಮೊದಲು ಹತ್ತಾರು ಬಾರಿ ಹೀಗೆ ಸಣ್ಣ ಕಾರಣಗಳಿಗೆ ಅವನನ್ನು ತಡೆದಿದ್ದರು. ಅವನ ಹತ್ತಿರ ಪಿಸ್ತೂಲು ಇತ್ತು, ಅದನ್ನು ಒಯ್ಯಲು ರಾಜ್ಯ ಕೊಟ್ಟ ಪರವಾನಗಿಯೂ ಇತ್ತು. ತನ್ನ ಬಳಿ ಬಂದೂಕು ಇದೆ ಎಂದು ಅವನೇ ಅಧಿಕಾರಿಗೆ ವಿನಯದಿಂದ ಹೇಳಿದ. ಕೆಲವೇ ಸೆಕೆಂಡುಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದರು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಹುಡುಗಿ ಕುಳಿತಿದ್ದಳು. ಅವಳ ತಾಯಿ ಪಕ್ಕದ ಸೀಟಿನಿಂದ ಫೇಸ್‌ಬುಕ್‌ನಲ್ಲಿ ತೋರಿಸಿದ ದೃಶ್ಯವನ್ನು ಜಗತ್ತೇ ನೋಡಿತು.

ಅಧಿಕಾರಿ ತನಿಖೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಗಾಂಜಾ ಬರುತ್ತದೆ. ಕಾರಿನಿಂದ ಗಾಂಜಾದ ಹೊಗೆಯ ವಾಸನೆ ಬಂತು, ಮಗುವಿನ ಮುಂದೆಯೇ ಸೇದುವವನು ನನ್ನ ಜೀವವನ್ನು ಲೆಕ್ಕಕ್ಕೆ ಇಟ್ಟಾನೆಯೇ ಎಂದು ಹೆದರಿದೆ ಎಂಬ ಅರ್ಥದ ಮಾತು. 2017ರ ಜೂನ್‌ನಲ್ಲಿ ಜ್ಯೂರಿ ಅಧಿಕಾರಿಯನ್ನು ಖುಲಾಸೆ ಮಾಡಿತು. ಕಾನೂನುಬದ್ಧವಾಗಿ ಬಂದೂಕು ಒಯ್ಯುವವರ ಹಕ್ಕಿಗಾಗಿ ಬೀದಿಗಿಳಿಯುವ ರಾಷ್ಟ್ರೀಯ ರೈಫಲ್ ಸಂಘದ ವಕ್ತಾರೆ ಈ ಪ್ರಕರಣದಲ್ಲಿ ಎತ್ತಿ ಹೇಳಿದ್ದು ಗಾಂಜಾದ ಮಾತನ್ನು: ಗಾಂಜಾ ಇಟ್ಟುಕೊಂಡು ಬಂದೂಕು ಒಯ್ಯುವುದು ಕಾನೂನಿಗೆ ವಿರುದ್ಧ ಎಂದು. ಪರವಾನಗಿ ಪಡೆದವನ ಹಕ್ಕನ್ನು ಒಂದು ವಾಸನೆ ಅಳಿಸಿಹಾಕಿತು. ಬಿಳಿ ಬೇಟೆಗಾರನೊಬ್ಬನ ಕಾರಿನಲ್ಲಿ ಅದೇ ವಾಸನೆ ಇದ್ದಿದ್ದರೆ ಏಳು ಗುಂಡು ಹಾರುತ್ತಿತ್ತು ಎಂದು ನಾನು ನಂಬಲಾರೆ.

ಏಳು ವರ್ಷಗಳ ನಂತರ, ಗಾಂಜಾ ಕಾನೂನು ಜಾರಿಯಾದ ಆರು ವಾರಗಳಲ್ಲೇ, ಮಿನ್ನೆಸೋಟದ ಸುಪ್ರೀಂ ಕೋರ್ಟ್ ಬೇರೊಂದು ಖಟ್ಲೆಯಲ್ಲಿ ಹೇಳಿತು: ಕಾರಿನಿಂದ ಗಾಂಜಾದ ವಾಸನೆ ಬಂದ ಮಾತ್ರಕ್ಕೆ ಕಾರನ್ನು ಜಾಲಾಡಲು ಪೊಲೀಸರಿಗೆ ಅಧಿಕಾರ ಬರುವುದಿಲ್ಲ, ಇತರ ಕಾರಣಗಳೂ ಬೇಕು. ಅಮೆರಿಕದ ರಸ್ತೆಗಳಲ್ಲಿ ದಶಕಗಳ ಕಾಲ ತಪಾಸಣೆಗೆ ಬಾಗಿಲು ತೆರೆಯುತ್ತಿದ್ದ ಕೀಲಿಕೈ ಈ ವಾಸನೆಯೇ. ದೇಶದಲ್ಲಿ ಗಾಂಜಾ ಬಂಧನಗಳು ಉತ್ತುಂಗದಲ್ಲಿದ್ದ 2007ರಲ್ಲಿ ಒಂದೇ ವರ್ಷ 8 ಲಕ್ಷ 70 ಸಾವಿರಕ್ಕೂ ಹೆಚ್ಚು ಬಂಧನಗಳಾದವು. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕಪ್ಪು ಜನರೂ ಬಿಳಿಯರೂ ಗಾಂಜಾ ಸೇದುವುದು ಹೆಚ್ಚೂಕಡಿಮೆ ಒಂದೇ ಪ್ರಮಾಣದಲ್ಲಿ. ಬಂಧನಕ್ಕೆ ಸಿಗುವ ಸಾಧ್ಯತೆ ಮಾತ್ರ ಕಪ್ಪು ಜನರಿಗೆ 3.64 ಪಟ್ಟು ಹೆಚ್ಚು.

ಹಾಗಾದರೆ ಈಗ ಮಿನ್ನೆಸೋಟದಲ್ಲಿ ಮನೆಯಂಗಳದಲ್ಲಿ ನಾಲ್ಕು ಗಿಡ ಬೆಳೆಸಿ, ಗೋಡೆಯ ಮೇಲೆ ಬೇಟೆಯ ಬಂದೂಕು ನೇತುಹಾಕಿದವನು ನಿಶ್ಚಿಂತನೇ? ಅಲ್ಲ. ಅವನು ಫೆಡರಲ್ ಅಪರಾಧಿ.

ಜಾನ್ ಕೆನಡಿ, ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಮೂವರೂ ಗುಂಡಿಗೆ ಬಲಿಯಾದ ಮೇಲೆ, 1968ರಲ್ಲಿ ಅಮೆರಿಕದ ಕಾಂಗ್ರೆಸ್ ಬಂದೂಕು ನಿಯಂತ್ರಣ ಕಾಯ್ದೆಯನ್ನು ತಂದಿತು. ಮಾದಕ ವಸ್ತುವನ್ನು ಕಾನೂನುಬಾಹಿರವಾಗಿ ಬಳಸುವವರು ಬಂದೂಕು ಇಟ್ಟುಕೊಳ್ಳಬಾರದು ಎಂಬ ನಿಯಮ ಹುಟ್ಟಿದ್ದು ಅದರಿಂದ. ಎರಡು ವರ್ಷಗಳ ನಂತರ, 1970ರಲ್ಲಿ, ರಿಚರ್ಡ್ ನಿಕ್ಸನ್ ಸಹಿ ಹಾಕಿದ ಮಾದಕ ವಸ್ತು ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆಗೆ ಮೊದಲನೆಯ ಪಟ್ಟಿಯಲ್ಲಿ ಕೂರಿಸಿತು. ರಾಜ್ಯ ಏನೇ ಹೇಳಲಿ, ಈ ಎರಡು ಕಾಯ್ದೆಗಳ ನಡುವೆ ಸಿಕ್ಕಿದವನಿಗೆ ಶಿಕ್ಷೆ 2022ರ ತನಕ ಗರಿಷ್ಠ ಹತ್ತು ವರ್ಷ. ಆ ವರ್ಷ ಬಂದ ಹೊಸ ಬಂದೂಕು ಕಾಯ್ದೆ ಅದನ್ನು ಹದಿನೈದಕ್ಕೆ ಏರಿಸಿತು. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬಬೇಕಾದ 4473 ಸಂಖ್ಯೆಯ ಫಾರಂನಲ್ಲಿ ಇದರ ಪ್ರಶ್ನೆ ಇದೆ. ನಿಮ್ಮ ರಾಜ್ಯ ಒಪ್ಪಿದ್ದರೂ ಫೆಡರಲ್ ಕಾನೂನಿನಲ್ಲಿ ಗಾಂಜಾ ಅಕ್ರಮವೇ ಎಂಬ ಎಚ್ಚರಿಕೆಯನ್ನು 2016ರ ಪರಿಷ್ಕರಣೆಯಲ್ಲಿ ದಪ್ಪ ಅಕ್ಷರದಲ್ಲಿ ಸೇರಿಸಿದರು. ನಿಜ ಬರೆದರೆ ಬಂದೂಕು ಸಿಗುವುದಿಲ್ಲ, ಸುಳ್ಳು ಬರೆದರೆ ಅದೇ ಒಂದು ಅಪರಾಧ.

2017ರ ನವೆಂಬರ್‌ನಲ್ಲಿ ಹವಾಯಿಯ ಹೊನೊಲುಲು ಪೊಲೀಸರು ಇದನ್ನು ಅಕ್ಷರಶಃ ಪಾಲಿಸಲು ಹೋದರು. ಔಷಧಿ ಗಾಂಜಾದ ಕಾರ್ಡ್ ಪಡೆದಿದ್ದ ಬಂದೂಕು ಮಾಲೀಕರಿಗೆ ಪತ್ರ ಹೋಯಿತು: 30 ದಿನಗಳೊಳಗೆ ಬಂದೂಕು ಒಪ್ಪಿಸಿ. ರೋಗಿಗಳ ಹೆಸರಿನ ಪಟ್ಟಿಯೂ ಬಂದೂಕುಗಳ ನೋಂದಣಿಯೂ ಸರ್ಕಾರದ ಬಳಿಯೇ ಇದ್ದವು. ಎರಡನ್ನೂ ತಾಳೆ ನೋಡಿದ್ದರು. ಎಲ್ಲೆಡೆ ಆಕ್ರೋಶ ಎದ್ದು ಪೊಲೀಸರು ಹಿಂದೆ ಸರಿದರು. ಕ್ಯಾನ್ಸರ್ ನೋವಿಗೆ ವೈದ್ಯರು ಬರೆದುಕೊಟ್ಟದ್ದನ್ನು ಬಳಸಿದವರು ಕುಡಿದು ಗಲಾಟೆ ಮಾಡುವವರಿಗಿಂತ ಅಪಾಯಕಾರಿ ಎಂದು ಭಾವಿಸುವ ಕಾನೂನಿದು. ದಿನವೂ ಒಂದು ಬಾಟಲಿ ವಿಸ್ಕಿ ಖಾಲಿ ಮಾಡುವವರಿಗೆ ಆ ಫಾರಂನಲ್ಲಿ ಪ್ರಶ್ನೆಯೇ ಇಲ್ಲ.

ನ್ಯಾಯಾಲಯಗಳು ಈಗ ಇದನ್ನು ಅಲುಗಾಡಿಸುತ್ತಿವೆ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಪಿಸ್ತೂಲು ಪರವಾನಗಿ ನಿಯಮವನ್ನು ರದ್ದು ಮಾಡುವಾಗ ಹೊಸ ಅಳತೆಗೋಲನ್ನು ಕೊಟ್ಟಿತು: ಬಂದೂಕಿನ ಮೇಲೆ ಈಗ ಹಾಕುವ ಯಾವುದೇ ನಿರ್ಬಂಧವು ದೇಶದ ಹಳೆಯ ಇತಿಹಾಸದಲ್ಲಿದ್ದ ನಿರ್ಬಂಧಗಳನ್ನು ಹೋಲಬೇಕು. ಹಿಂದೆ ಕುಡಿದ ಅಮಲಿನಲ್ಲಿರುವಾಗ ಬಂದೂಕು ಹಿಡಿಯಬಾರದು ಎಂಬ ಕಾನೂನುಗಳಿದ್ದವು. ಕುಡಿಯುವ ಅಭ್ಯಾಸ ಇದೆ ಎಂದಷ್ಟಕ್ಕೇ ಮನೆಯ ಬಂದೂಕು ಕಸಿಯುತ್ತಿದ್ದರೇ? ಈ ಪ್ರಶ್ನೆಯನ್ನು ಹಿಡಿದು ದಕ್ಷಿಣದ ಮೇಲ್ಮನವಿ ನ್ಯಾಯಾಲಯವೊಂದು 2023ರಿಂದ ಗಾಂಜಾ ಬಳಕೆದಾರರ ಪರ ತೀರ್ಪು ಕೊಡತೊಡಗಿತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಹೆಂಡತಿಗೋ ಸಂಗಾತಿಗೋ ಹಿಂಸೆ ಕೊಟ್ಟವರ ಬಂದೂಕು ಹಕ್ಕು ತಡೆಯಬಹುದು ಎಂದು 8ಕ್ಕೆ 1 ಮತದಿಂದ ಹೇಳಿ ಅಳತೆಗೋಲನ್ನು ತುಸು ಸಡಿಲಿಸಿತು. 2025ರ ಆಗಸ್ಟ್‌ನಲ್ಲಿ ಫ್ಲೋರಿಡಾದ ಔಷಧಿ ಗಾಂಜಾ ರೋಗಿಗಳಿಗೆ ಮೇಲ್ಮನವಿ ನ್ಯಾಯಾಲಯದಲ್ಲಿ ಗೆಲುವು ಸಿಕ್ಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಕ್ಸಾಸಿನ ಇಂಥದೇ ಖಟ್ಲೆಯೊಂದನ್ನು ಸುಪ್ರೀಂ ಕೋರ್ಟ್ ತಾನೇ ಕೈಗೆತ್ತಿಕೊಂಡಿತು.

ರಾಜ್ಯಗಳು ಫೆಡರಲ್ ಕಾನೂನನ್ನು ಕಡೆಗಣಿಸಿ ಗಾಂಜಾ ಅಂಗಡಿ ತೆರೆಯಲು ಬಿಡುವುದಾದರೂ ಹೇಗೆ ಸಾಧ್ಯ ಎಂದು ಕೇಳಿದರೆ, ಉತ್ತರ ಸಿಗುವುದು ಬಂದೂಕಿನದೇ ಒಂದು ಖಟ್ಲೆಯಲ್ಲಿ. 1993ರ ಬ್ರೇಡಿ ಕಾಯ್ದೆ ಪಿಸ್ತೂಲು ಕೊಳ್ಳುವವರ ಪೂರ್ವಾಪರ ತಪಾಸಣೆಯ ಕೆಲಸವನ್ನು ತಾತ್ಕಾಲಿಕವಾಗಿ ಸ್ಥಳೀಯ ಶೆರಿಫ್‌ಗಳ ಹೆಗಲಿಗೆ ಹಾಕಿತು. ಮೊಂಟಾನಾದ ಜೇ ಪ್ರಿಂಟ್ಜ್, ಅರಿಜೋನಾದ ರಿಚರ್ಡ್ ಮ್ಯಾಕ್ ಎಂಬ ಇಬ್ಬರು ಶೆರಿಫ್‌ಗಳು ನಾವು ವಾಷಿಂಗ್ಟನ್ನಿನ ನೌಕರರಲ್ಲ ಎಂದು ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟ್ 5ಕ್ಕೆ 4 ಮತದಿಂದ ಅವರ ಮಾತನ್ನು ಒಪ್ಪಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಫೆಡರಲ್ ಸರ್ಕಾರ ತನ್ನ ಕಾನೂನನ್ನು ತನ್ನ ಜನರಿಂದ ಜಾರಿ ಮಾಡಿಸಿಕೊಳ್ಳಬಹುದು, ರಾಜ್ಯದ ಅಧಿಕಾರಿಗಳಿಗೆ ಅಪ್ಪಣೆ ಕೊಡುವಂತಿಲ್ಲ. ಬಂದೂಕು ನಿಯಂತ್ರಣವನ್ನು ವಿರೋಧಿಸಿ ಗಳಿಸಿದ ಆ ತತ್ತ್ವವೇ ಗಾಂಜಾಕ್ಕೆ ನೆಲೆಯಾಯಿತು. ಕ್ಯಾಲಿಫೋರ್ನಿಯಾ 1996ರಲ್ಲೇ ಔಷಧಿ ಗಾಂಜಾಕ್ಕೆ ಮತ ಹಾಕಿತ್ತು; ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ಎಲ್ಲ ವಯಸ್ಕರಿಗೂ ತೆರೆದವು; 2023ರ ಕೊನೆಗೆ ಒಹಾಯೊ 24ನೆಯದಾಯಿತು. ಇವು ಯಾವುವೂ ಫೆಡರಲ್ ಕಾನೂನನ್ನು ರದ್ದು ಮಾಡಿಲ್ಲ, ಮಾಡಲು ಆಗುವುದೂ ಇಲ್ಲ. ನಮ್ಮ ಪೊಲೀಸರು ನಿಮ್ಮ ಪರವಾಗಿ ಹಿಡಿಯುವುದಿಲ್ಲ ಎಂದಷ್ಟೇ ಹೇಳಿವೆ. ಮನೆಯಲ್ಲಿ ಬೆಳೆದ ಔಷಧಿ ಗಿಡವನ್ನೂ ಫೆಡರಲ್ ಅಧಿಕಾರಿಗಳು ಕೀಳಬಹುದು ಎಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಮಿಸೌರಿ ಇದೇ ತತ್ತ್ವವನ್ನು ಎಳೆದು ಹರಿದುಕೊಂಡಿತು. 2021ರಲ್ಲಿ ಅದು ಫೆಡರಲ್ ಬಂದೂಕು ಕಾನೂನುಗಳು ಕೆಲವು ತನ್ನ ಗಡಿಯೊಳಗೆ ಅಸಿಂಧು ಎಂದು ಘೋಷಿಸಿ, ಅವನ್ನು ಜಾರಿ ಮಾಡುವ ಪೊಲೀಸ್ ಇಲಾಖೆಗಳಿಗೆ 50 ಸಾವಿರ ಡಾಲರ್ ದಂಡ ಇಟ್ಟಿತು. ಸಹಕರಿಸದಿರುವುದು ಬೇರೆ, ಕಾನೂನೇ ಇಲ್ಲ ಎನ್ನುವುದು ಬೇರೆ ಎಂದು ನ್ಯಾಯಾಲಯಗಳು ಅದನ್ನು ಹೊಡೆದುಹಾಕಿದವು. ಸರಿಯಾದ ತೀರ್ಪು.

ಗಾಂಜಾ ಮತ್ತು ಬಂದೂಕು ಕೂಡಿದಾಗ ಶಿಕ್ಷೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಯೂಟಾದ ವೆಲ್ಡನ್ ಏಂಜಲೋಸ್ ಅವರ ಖಟ್ಲೆ ಇದೆ. ಸಾಲ್ಟ್ ಲೇಕ್ ಸಿಟಿಯ ಈ ಸಂಗೀತ ನಿರ್ಮಾಪಕ 2002ರಲ್ಲಿ ಪೊಲೀಸ್ ಮಾಹಿತಿದಾರನಿಗೆ ಮೂರು ಬಾರಿ, ಪ್ರತಿ ಬಾರಿ 350 ಡಾಲರಿಗೆ, ಗಾಂಜಾ ಮಾರಿದರು. ಅವರ ಬಳಿ ಬಂದೂಕು ಇತ್ತು. ಅದನ್ನು ಯಾರಿಗೂ ಗುರಿ ಇಟ್ಟಿರಲಿಲ್ಲ. ಮಾದಕ ವಸ್ತು ಮಾರುವಾಗ ಬಂದೂಕು ಇದ್ದರೆ ಮೊದಲ ಬಾರಿಗೆ ಐದು ವರ್ಷ, ನಂತರದ ಪ್ರತಿ ಬಾರಿಗೆ ಇಪ್ಪತ್ತೈದು ವರ್ಷ, ಒಂದರ ಮೇಲೊಂದು ಎಂದು ಫೆಡರಲ್ ಕಾನೂನು ಹೇಳುತ್ತಿತ್ತು. 2004ರಲ್ಲಿ ನ್ಯಾಯಾಧೀಶ ಪಾಲ್ ಕ್ಯಾಸೆಲ್ ಈ ಶಿಕ್ಷೆ ಅನ್ಯಾಯದ್ದು, ಕ್ರೂರವಾದದ್ದು ಎಂದು ತೀರ್ಪಿನಲ್ಲೇ ಬರೆದು, ಕೈಕಟ್ಟಿದಂತಾಗಿ 55 ವರ್ಷ ಕೊಟ್ಟರು. ಏಂಜಲೋಸ್ 2016ರಲ್ಲಿ ಹೊರಬಂದರು, 2020ರಲ್ಲಿ ಕ್ಷಮಾದಾನ ಸಿಕ್ಕಿತು. ಮೊದಲ ಖಟ್ಲೆಯಲ್ಲೇ ಇಪ್ಪತ್ತೈದುಗಳನ್ನು ಪೇರಿಸುವ ಪದ್ಧತಿಯನ್ನು 2018ರ ಕಾನೂನು ನಿಲ್ಲಿಸಿತು. ಅವರು ಜೈಲಿನಲ್ಲಿ ಕಳೆದ ಅದೇ ವರ್ಷಗಳಲ್ಲಿ ಪಕ್ಕದ ಕೊಲರಾಡೊದಲ್ಲಿ ಗಾಂಜಾ ಅಂಗಡಿಗಳು ರಾಜ್ಯಕ್ಕೆ ತೆರಿಗೆ ಕಟ್ಟತೊಡಗಿದ್ದವು.

ಆದ್ದರಿಂದಲೇ ಕಾನೂನು ತಿದ್ದುವಾಗ ಮುಂದಿನದನ್ನು ಮಾತ್ರ ತಿದ್ದಿದರೆ ಸಾಲದು. ಹಿಂದಿನ ಶಿಕ್ಷೆಯ ದಾಖಲೆಯನ್ನೂ ಅಳಿಸಬೇಕು. ಈ ವಿಷಯದಲ್ಲಿ ಮಿನ್ನೆಸೋಟ ಮಾಡಿದ್ದನ್ನು ಮೆಚ್ಚಲೇಬೇಕು. ಸಣ್ಣ ಗಾಂಜಾ ಅಪರಾಧಗಳ ದಾಖಲೆ ಅಳಿಸಲು ಜನ ಅರ್ಜಿ ಹಿಡಿದು ಅಲೆಯಬೇಕಿಲ್ಲ. ರಾಜ್ಯದ ಅಪರಾಧ ದಾಖಲೆ ಸಂಸ್ಥೆ ತಾನೇ ಹುಡುಕಿ 57 ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು 2024ರಲ್ಲಿ ಮುಚ್ಚಿತು. ದೊಡ್ಡ ಅಪರಾಧಗಳನ್ನು ಒಂದೊಂದಾಗಿ ಪರಿಶೀಲಿಸಲು ಪ್ರತ್ಯೇಕ ಮಂಡಳಿ ಇದೆ. ಬಾಡಿಗೆ ಮನೆ, ಕೆಲಸ, ಸಾಲ, ಎಲ್ಲಕ್ಕೂ ಅಲ್ಲಿ ಅಪರಾಧ ದಾಖಲೆ ನೋಡುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಒಂದು ಬೀಡಿ ಗಾಂಜಾ ಇಂದು ಮನೆ ಸಿಗದಂತೆ ಮಾಡುತ್ತಿದ್ದರೆ, ಅದೇ ಊರಿನಲ್ಲಿ ಪರವಾನಗಿ ಪಡೆದು ಗಾಂಜಾ ಮಾರುವವರು ಲಾಭ ಎಣಿಸುತ್ತಿದ್ದರೆ, ಅದನ್ನು ಕಾನೂನಿನ ಆಳ್ವಿಕೆ ಎಂದು ಯಾವ ಬಾಯಿಂದ ಹೇಳುವುದು?

ಬಂದೂಕಿನ ಕಡೆಗೆ ಮರಳಿದರೆ, ಬಿಗಿ ಮಾಡಿದ್ದು ಸಾಕಾಗಲಿಲ್ಲ. 2023ರ ಅಧಿವೇಶನವನ್ನು ನಡೆಸಿದ ಮೆಲಿಸಾ ಹಾರ್ಟ್‌ಮನ್ ಅವರನ್ನೂ ಅವರ ಗಂಡನನ್ನೂ 2025ರ ಜೂನ್ 14ರಂದು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಆಗಸ್ಟ್ 27ರಂದು ಮಿನ್ನಿಯಾಪೊಲಿಸ್‌ನ ಅನನ್ಸಿಯೇಷನ್ ಚರ್ಚಿನಲ್ಲಿ ಶಾಲಾ ಮಕ್ಕಳು ಪ್ರಾರ್ಥನೆಗೆ ಕುಳಿತಿದ್ದಾಗ ಕಿಟಕಿಗಳಾಚೆಯಿಂದ ಗುಂಡುಗಳು ಬಂದವು. ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ಸತ್ತರು. ಅಲ್ಲಿ ಬಳಸಿದ ಬಂದೂಕುಗಳು ಕಾನೂನುಬದ್ಧವಾಗಿ ಕೊಂಡವು ಎಂದು ಪೊಲೀಸರು ಹೇಳಿದರು. ವಿಶೇಷ ಅಧಿವೇಶನ ಕರೆಯಲು ವಾಲ್ಜ್ ಒತ್ತಾಯಿಸಿದರೂ, ಕೆಳಮನೆಯಲ್ಲಿ ಎರಡೂ ಪಕ್ಷಗಳು 67–67ರಂತೆ ಸರಿಸಮವಾಗಿದ್ದ ಆ ವರ್ಷ ಅದು ನಡೆಯಲಿಲ್ಲ. ಇತ್ತ, ಪಿಸ್ತೂಲು ಒಯ್ಯುವ ಪರವಾನಗಿಗೆ 21 ವರ್ಷ ಆಗಿರಬೇಕು ಎಂಬ ಮಿನ್ನೆಸೋಟದ ನಿಯಮವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಅದನ್ನು ಮುಟ್ಟಲಿಲ್ಲ. ಹೀಗಾಗಿ ಹದಿನೆಂಟರ ಹುಡುಗ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಲು ಪರವಾನಗಿ ಕೇಳಬಹುದು. ಗಾಂಜಾ ಮಿಠಾಯಿ ಕೊಳ್ಳಲು ಇಪ್ಪತ್ತೊಂದಾಗಬೇಕು.

ಬೆಳೆಯುವ ಮಿದುಳಿಗೆ ಗಾಂಜಾ ಒಳ್ಳೆಯದಲ್ಲ, ಹಾಗಾಗಿ ಇಪ್ಪತ್ತೊಂದರ ಮಿತಿ ಸರಿಯೇ. ಆದರೆ ಯಾವುದಕ್ಕೆ ಎಷ್ಟು ಹೆದರಬೇಕು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಬಂದೂಕನ್ನು ಯಾರ ಕೈಯಿಂದ ದೂರ ಇಡಬೇಕು ಎಂದು ನಿರ್ಧರಿಸಲು ಅವನು ಏನು ಸೇದುತ್ತಾನೆ ಎಂಬುದಕ್ಕಿಂತ ಅವನು ಏನು ಮಾಡಿದ್ದಾನೆ, ಯಾರಿಗೆ ಬೆದರಿಕೆ ಹಾಕಿದ್ದಾನೆ, ಈಗ ಯಾವ ಸ್ಥಿತಿಯಲ್ಲಿದ್ದಾನೆ ಎಂಬುದನ್ನು ನೋಡಬೇಕು. ರೆಡ್ ಫ್ಲ್ಯಾಗ್ ಕಾನೂನು ನೋಡುವುದು ಅದನ್ನೇ. 1968ರ ನಿಯಮ ನೋಡುವುದಿಲ್ಲ.

ಇನ್ನು ಕೊನೆಯ ಮಾತು ನಮ್ಮವರಿಗೆ ಸಂಬಂಧಪಟ್ಟದ್ದು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ಮಿನ್ನಿಯಾಪೊಲಿಸ್, ಶಿಕಾಗೊ, ಸಿಯಾಟಲ್, ಸ್ಯಾನ್ ಹೋಸೆಯಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಆ ಊರುಗಳಲ್ಲೆಲ್ಲ ಗಾಂಜಾ ಅಂಗಡಿಯ ಬೋರ್ಡು ಬೀದಿಯಲ್ಲೇ ಕಾಣುತ್ತದೆ. ವಲಸೆ ಕಾನೂನು ಪೂರ್ತಿ ಫೆಡರಲ್. ರಾಜ್ಯ ಒಪ್ಪಿದ್ದನ್ನು ಅದು ಒಪ್ಪುವುದಿಲ್ಲ. ಗಾಂಜಾ ಸೇದಿದ್ದೇನೆ ಎಂದು ವಲಸೆ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ, ಯಾವ ಶಿಕ್ಷೆಯೂ ಆಗಿರದಿದ್ದರೂ, ರಜೆಗೆ ಊರಿಗೆ ಬಂದವರನ್ನು ಮರಳಿ ಒಳಗೆ ಬಿಡದಿರಬಹುದು. ಪೌರತ್ವ ಕೇಳುವವರ ಸನ್ನಡತೆಗೆ ಗಾಂಜಾ ಬಳಕೆ ಮಾತ್ರವಲ್ಲ, ಪರವಾನಗಿ ಪಡೆದ ಗಾಂಜಾ ಕಂಪನಿಯಲ್ಲಿ ಕೆಲಸ ಮಾಡಿದ್ದೂ ಅಡ್ಡಿಯಾಗಬಹುದು ಎಂದು 2019ರ ಏಪ್ರಿಲ್‌ನಲ್ಲಿ ಅಲ್ಲಿನ ಪೌರತ್ವ ಸೇವಾ ಸಂಸ್ಥೆ ಸ್ಪಷ್ಟವಾಗಿ ಬರೆಯಿತು. ರಾಜ್ಯ ಅಳಿಸಿದ ಶಿಕ್ಷೆಯೂ ವಲಸೆ ಕಡತದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಜಾರ್ಜಿಯಾದಲ್ಲಿ 1.3 ಗ್ರಾಂ ಗಾಂಜಾದೊಂದಿಗೆ ಸಿಕ್ಕ, ಮೂರನೆಯ ವಯಸ್ಸಿನಿಂದ ಅಮೆರಿಕದಲ್ಲೇ ಬೆಳೆದ ಜಮೈಕಾದವನೊಬ್ಬನನ್ನು ಗಡೀಪಾರಿಗೆ ಗುರಿಪಡಿಸಿದ ಖಟ್ಲೆ 2013ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅವನ ಪರ ತೀರ್ಪು ಬಂತು. ಅಷ್ಟರಲ್ಲಿ ವರ್ಷಗಳು ಕಳೆದಿದ್ದವು.

ಬಂದೂಕಿನ ವಿಷಯ ಇನ್ನೂ ಬಿಗಿ. ಎಚ್-1ಬಿ, ವಿದ್ಯಾರ್ಥಿ ವೀಸಾ ಮುಂತಾದವುಗಳ ಮೇಲೆ ಇರುವವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಕೈಯಲ್ಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬಂದೂಕಿಗೆ ಸಂಬಂಧಿಸಿದ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ರಾಜ್ಯದ ಗಡಿಯನ್ನೂ ನೆನಪಿಡಬೇಕು. ಮಿನ್ನಿಯಾಪೊಲಿಸ್‌ನಿಂದ ಶಿಕಾಗೊಗೆ ಕಾರಿನಲ್ಲಿ ಹೋಗುವವರು ವಿಸ್ಕಾನ್ಸಿನ್ ದಾಟಬೇಕು. ಹೊರಡುವ ರಾಜ್ಯದಲ್ಲೂ ತಲುಪುವ ರಾಜ್ಯದಲ್ಲೂ ಗಾಂಜಾ ಸಕ್ರಮ; ನಡುವಿನ ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು, ಎರಡನೆಯ ಸಲಕ್ಕೆ ಅದು ಘೋರ ಅಪರಾಧ.

ಅಮೆರಿಕದಲ್ಲಿರುವ ಮಕ್ಕಳೊಂದಿಗೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಮಾತಾಡುವ ತಂದೆತಾಯಿ ಈ ವಿಷಯವನ್ನು ಮುಜುಗರಪಡದೆ ಎತ್ತಬೇಕು. ಅಲ್ಲಿನ ಕನ್ನಡ ಕೂಟಗಳು ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಿಕೊಡಬೇಕು. ಪೌರತ್ವ ಕೈಗೆ ಬರುವ ತನಕ ಗಾಂಜಾ ಅಂಗಡಿಯ ಒಳಗೆ ಹೋಗಬೇಡಿ, ಅದರ ಫೋಟೊ, ಸಂದೇಶ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಗೆಳೆಯರ ಬಂದೂಕನ್ನು ಗುರಿ ಅಭ್ಯಾಸಕ್ಕೆಂದೂ ಮುಟ್ಟಬೇಡಿ. ಯಾವುದೇ ಖಟ್ಲೆಯಲ್ಲಿ ಸಿಕ್ಕಿಕೊಂಡರೆ, ದಂಡ ಕಟ್ಟಿ ಮುಗಿಸೋಣ ಎಂದು ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ವಲಸೆ ಕಾನೂನು ತಿಳಿದ ವಕೀಲರನ್ನು ಕೇಳಿ. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವಿದ್ದರೆ ಅದನ್ನು ಕಕ್ಷಿದಾರರಿಗೆ ಮೊದಲೇ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆ ಸಲಹೆಯನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು.